ಮಗಳ ಅಕ್ಷರ ಕಲಿತ ಹಲಗೆ

ಮಹಡಿಯ ಕೋಣೆ, ಕಿಟಕಿ ಪಕ್ಕದ ಮೇಜು
ಭಾನುವಾರ, ಫೆಬ್ರವರಿ 15

ಪ್ರೀತಿಯ ಟೀಚರಮ್ಮನಿಗೆ,

ಅಪ್ಪನ ಆಶೀರ್ವಾದಗಳು. ಹೇಗಿದ್ದೀಯಮ್ಮ? ಕೈ ನೋವು ಕಡಿಮೆಯಾಯಿತೇ? ಹೊಲಿಗೆ ಬಿಚ್ಚಿದ ಮೇಲೆ ನಿದ್ದೆ ಪರವಾಗಿಲ್ಲ ಎಂದು ನರ್ಸಮ್ಮ ಫೋನಿನಲ್ಲಿ ನಿನ್ನ ಅಮ್ಮನಿಗೆ ಹೇಳಿದರು. ಊಟ ಮಾತ್ರ ಅರ್ಧಕ್ಕೇ ಬಿಡುತ್ತೀಯಂತೆ, ಅದನ್ನೂ ಹೇಳಿದರು. ಆಸ್ಪತ್ರೆಯ ಊಟಕ್ಕೆ ರುಚಿ ಇರುವುದಿಲ್ಲ, ಗೊತ್ತು. ಆದರೂ ಮುಖ ಸಿಂಡರಿಸಿಕೊಂಡಾದರೂ ಪೂರ್ತಿ ತಿನ್ನು. ಇಲ್ಲಿ ನಾವಿಬ್ಬರೂ ಆರಾಮ. ನನ್ನ ಮಂಡಿ ಮೆಟ್ಟಿಲು ಕಂಡಾಗ ಗೊಣಗುತ್ತದೆ, ನಿನ್ನ ಅಮ್ಮ ನನ್ನನ್ನು ಕಂಡಾಗ.

"ನನಗೆ ಕಾಗದ ಬರೀಬೇಡಿ, ತಿರುಗಿ ಬರೆಯೋಕೆ ನನ್ನ ಕೈಲಾಗಲ್ಲ" ಎಂದು ನೀನು ಹೇಳಿ ಕಳಿಸಿದ್ದು ಕಿವಿಯಲ್ಲೇ ಇದೆ. ಆದರೂ ಬರೆಯುತ್ತಿದ್ದೇನೆ. ನಿನ್ನಪ್ಪ ಹೇಳಿದ ಮಾತು ಕೇಳುವ ಆಸಾಮಿಯಲ್ಲ ಎಂದು ನಿನಗೆ ಹೊಸದಾಗಿ ತಿಳಿಸಬೇಕೇ? ಬಾಗಿಲಿನ ಗಾಜು ಒಡೆದು ನಿನ್ನ ಬಲಗೈ ಮಣಿಕಟ್ಟಿನ ನರ ಕೊಯ್ದು ಇವತ್ತಿಗೆ ಒಂಬತ್ತು ವಾರ. ಬೆಳಿಗ್ಗೆ ಬೆಳಿಗ್ಗೆ ಕೈಗೆ ವ್ಯಾಯಾಮ ಮಾಡಿಸುವವರು ಪೆನ್ನು ತಂದುಕೊಟ್ಟರೆ ನೀನು ಗೋಡೆಯ ಕಡೆ ತಿರುಗಿ ಮಲಗುತ್ತೀಯಂತೆ. ಒಂದನೇ ತಾರೀಕಿಗೆ ಶಾಲೆಗೆ ರಾಜೀನಾಮೆ ಕಳಿಸುತ್ತೀಯಂತೆ. "ಅಕ್ಷರ ಬರೆಯೋಕೆ ಬರದವಳು ಒಂದನೇ ತರಗತಿ ಮಕ್ಕಳಿಗೆ ಅಕ್ಷರ ಹೇಳಿಕೊಡೋದು ಹೇಗೆ" ಎಂದೆಯಂತೆ. ಅದನ್ನು ಕೇಳಿ ನಿನ್ನ ಅಮ್ಮ ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು. ನನಗೆ ಏನು ಮಾಡಲೂ ತೋಚದೆ ಅಟ್ಟ ಹತ್ತಿದೆ.

ಅಟ್ಟದಲ್ಲಿ ಏನು ಸಿಕ್ಕಿತು ಹೇಳು ನೋಡೋಣ. ನನ್ನ ಹಲಗೆ! ಊರಿಗೆಲ್ಲ ಅದು ಟ್ಯಾಬ್ಲೆಟ್ ಕಂಪ್ಯೂಟರ್, ನಮ್ಮ ಮನೆಯಲ್ಲಿ ಮಾತ್ರ ಹಲಗೆ. ಕಟ್ಟಡದಿಂದ ಕಟ್ಟಡಕ್ಕೆ ಅಲೆದು, ಲಿಫ್ಟುಗಳ ಹಗ್ಗ, ಬ್ರೇಕು, ಬಾಗಿಲು ಪರೀಕ್ಷಿಸಿ ವರದಿ ಬರೆಯುವುದು ನನ್ನ ಕೆಲಸವಾಗಿತ್ತಲ್ಲ, ಕಾಗದದ ಕಟ್ಟು ಹೊರುವುದು ತಪ್ಪಲಿ ಎಂದು ಇಲಾಖೆಯವರು ಇನ್ಸ್‌ಪೆಕ್ಟರುಗಳಿಗೆಲ್ಲ ಒಂದೊಂದು ಕೊಟ್ಟಿದ್ದರು. ಕಾಗದದ ಕಟ್ಟೇ ಹಗುರವಾಗಿತ್ತು! ಈಗ ಮಕ್ಕಳು ಬೆರಳಲ್ಲಿ ಸವರುವ ತೆಳ್ಳನೆಯ ವಸ್ತುವೇ ಅದು? ಆಫೀಸಿನ ಮೇಜಿನ ಮೇಲಿದ್ದ ಕಂಪ್ಯೂಟರನ್ನೇ ಚಪ್ಪಟೆ ಮಾಡಿ ಕೈಗೆ ಕೊಟ್ಟಂತಿತ್ತು. ಅದೇ ಮೂಲೆಯ ಸ್ಟಾರ್ಟ್ ಬಟನ್, ಒಂದರ ಮೇಲೊಂದು ತೆರೆದುಕೊಳ್ಳುವ ಅವೇ ಕಿಟಕಿಗಳು, ಮುಚ್ಚಲು ಅದೇ ಸಾಸಿವೆಯಷ್ಟು ಪುಟ್ಟ ಗುರುತು. ಮೌಸಿನಲ್ಲಿ ಮಾಡುವುದನ್ನೆಲ್ಲ ಪೆನ್ನಿನ ತುದಿಯಲ್ಲಿ ಮಾಡಬೇಕು. ಬೆರಳಿಟ್ಟರೆ ಕ್ಯಾರೇ ಅನ್ನುತ್ತಿರಲಿಲ್ಲ. ಮೂರನೇ ಕಟ್ಟಡ ಮುಟ್ಟುವಷ್ಟರಲ್ಲಿ ಬ್ಯಾಟರಿ ಕೈಕೊಡುತ್ತಿತ್ತು. ಲಿಫ್ಟಿನ ನೆತ್ತಿಯ ಮೇಲೆ ಕತ್ತಲಲ್ಲಿ ನಿಂತು, ಆನ್ ಮಾಡಿದ ಹಲಗೆ ಏಳುವುದನ್ನೇ ನಾನು ಕಾಯಬೇಕು. ಒಂದು ಸಲ ಪೆನ್ನು ಜಾರಿ ಹದಿಮೂರು ಮಹಡಿ ಕೆಳಗಿನ ಗುಂಡಿಗೆ ಬಿದ್ದು, ಕಾವಲುಗಾರನೂ ನಾನೂ ಟಾರ್ಚು ಹಿಡಿದು ಎಣ್ಣೆಮಡ್ಡಿಯಲ್ಲಿ ಹುಡುಕಿದ್ದೆವು. ಚಳಿಗಾಲದಲ್ಲಿ ಮಾತ್ರ ಬಲು ಸುಖ. ಅದರ ಬಿಸಿಗೆ ಬೆಕ್ಕು ಬಂದು ಮೇಲೇ ಮಲಗುತ್ತಿತ್ತು. "ಇದು ನಿಮ್ಮ ಎರಡನೇ ಸಂಸಾರ" ಎಂದು ನಿನ್ನ ಅಮ್ಮ ಅಣಕಿಸುತ್ತಿದ್ದಳು.

ಅದು ಬಂದ ಮೊದಲ ಸಂಜೆ ನಾನು ಮಾಡಿದ ಎಡವಟ್ಟು ನಿನಗೆ ನೆನಪಿದೆಯೇ? ಹಲಗೆ ತೋರಿಸಿದ ಐವತ್ತು ಸಾಲುಗಳನ್ನು ಪೆನ್ನಿನಲ್ಲಿ ಬರೆದುಕೊಡಬೇಕಿತ್ತು. ಬರೆಯುವವರ ಕೈ ಹೀಗೆ ಎಂದು ಗುರುತಿಟ್ಟುಕೊಂಡು, ಮುಂದೆ ನಾವು ಬರೆದದ್ದನ್ನು ಅದು ಅಚ್ಚಿನ ಅಕ್ಷರ ಮಾಡಿಕೊಡುತ್ತಿತ್ತು. ನನ್ನ ಬರಹವೋ ಕಾಗೆಕಾಲು ಗುಬ್ಬಿಕಾಲು. ನಿನಗೆ ಆಗ ಹತ್ತು ವರ್ಷ, ಅಕ್ಷರ ಮುತ್ತು ಪೋಣಿಸಿದ ಹಾಗೆ. ಹೊಸ ಯಂತ್ರದ ಎದುರು ಮರ್ಯಾದೆ ಹೋಗಬಾರದೆಂದು, "ನೀನೇ ಬರಿಯಮ್ಮ, ನಿಂದು ಚೆನ್ನಾಗಿದೆ" ಎಂದು ಪೆನ್ನು ನಿನ್ನ ಕೈಗಿಟ್ಟು ನಾನು ಊಟಕ್ಕೆ ಕುಳಿತೆ. ನಾಲಿಗೆ ಕಚ್ಚಿಕೊಂಡು ಐವತ್ತೂ ಸಾಲು ಬರೆದೆ ನೀನು. ಮರುದಿನ ಬ್ರೇಕು ಸರಿಯಿದೆ ಎಂದು ನಾನು ಬರೆದರೆ ಹಲಗೆಗೆ ತಲೆಬುಡ ತಿಳಿಯಲಿಲ್ಲ. ಯಂತ್ರ ಕೆಟ್ಟಿದೆ ಎಂದು ಬೈಯುತ್ತಾ ಮನೆಗೆ ತಂದೆ. ನೀನು ಬರೆದೆ, ಗಿಣಿಯಂತೆ ಒಪ್ಪಿಸಿತು. ಅಳಿಸಿ ಮೊದಲಿನಿಂದ ಕಲಿಸೋಣವೆಂದರೆ ದೊಡ್ಡ ಆಫೀಸಿಗೆ ಕಳಿಸಬೇಕು, ಯಾಕೆಂದು ಬರೆದುಕೊಡಬೇಕು. ಮಗಳ ಕೈಲಿ ಬರೆಸಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಹಲಗೆಗೆ ನನ್ನ ಅಕ್ಷರ ಕಲಿಸುವ ಬದಲು ನಾನೇ ನಿನ್ನ ಅಕ್ಷರ ಕಲಿಯುವುದೆಂದು ತೀರ್ಮಾನವಾಯಿತು.

ಆ ಭಾನುವಾರಗಳನ್ನು ನಾನು ಹೇಗೆ ಮರೆಯಲಿ? ನೀನು ಕಾಪಿ ಪುಸ್ತಕ ತೆರೆದು, ನನ್ನ ಮುಷ್ಟಿಯ ಮೇಲೆ ನಿನ್ನ ಪುಟ್ಟ ಕೈ ಇಟ್ಟು ತಿದ್ದಿಸುತ್ತಿದ್ದೆ. "ಹೊಟ್ಟೆ ದುಂಡಗೆ ಮಾಡಿ ಅಪ್ಪಾ, ಬಾಲ ಎಳೀಬೇಡಿ." ತಪ್ಪಿದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ "ಇನ್ನೊಂದ್ಸಲ" ಎನ್ನುತ್ತಿದ್ದೆ. ಒಮ್ಮೆ ನಾನು ಸಿಟ್ಟಾಗಿ ಪೆನ್ನು ಬಿಸಾಡಿ ಜಗಲಿಗೆ ಹೋಗಿ ಕುಳಿತಿದ್ದೆ. ನೀನು ಬೈಯಲಿಲ್ಲ, ಪೆನ್ನು ಎತ್ತಿಕೊಂಡು ಬಂದು ಪಕ್ಕದಲ್ಲಿ ಕುಳಿತೆ, ಅಷ್ಟೇ. ಟೀಚರಮ್ಮ ಎಂಬ ಹೆಸರು ನಿನಗೆ ಬಿದ್ದದ್ದು ಆಗಲೇ, ಶಾಲೆಯವರು ಕೆಲಸ ಕೊಟ್ಟಾಗ ಅಲ್ಲ. ನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಒಂಬತ್ತು ವರ್ಷ ನಾನು ನಿನ್ನ ಅಕ್ಷರದಲ್ಲೇ ವರದಿ ಬರೆದೆ. ಮೇಲಧಿಕಾರಿ ಒಮ್ಮೆ ನನ್ನ ರಜಾ ಚೀಟಿ ನೋಡಿ "ಇದನ್ನ ಮನೇಲಿ ಯಾವ ಮಗು ಬರ್ಕೊಡ್ತು?" ಎಂದು ನಕ್ಕಿದ್ದ. ಹೆಮ್ಮೆಯಿಂದ ನನ್ನ ಎದೆ ಉಬ್ಬಿತ್ತು.

ಮೊನ್ನೆ ಧೂಳು ಒರೆಸಿ ವೈರು ಚುಚ್ಚಿದೆ. ಬ್ಯಾಟರಿ ಸತ್ತಿದೆ, ವೈರು ಕಿತ್ತರೆ ಆರಿಹೋಗುತ್ತದೆ. ಆದರೂ ಒಳಗಿನ ಫ್ಯಾನು ಗೊರಕೆ ಹೊಡೆಯುತ್ತಾ ತಿರುಗಿತು. ನಾನು ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಪರದೆಯೂ ಬೆಳಗಿತು. ನಿನ್ನ ಅಮ್ಮ ಪೆನ್ನು ಕಿತ್ತುಕೊಂಡು ತನ್ನ ಹೆಸರು ಬರೆದಳು. ಅದು ಏನೇನೋ ಹೇಳಿತು. "ಈಗಲೂ ನಿಮ್ಮಿಬ್ಬರ ಮಾತೇ ಕೇಳತ್ತೆ ನೋಡಿ" ಎಂದು ಸಿಡುಕಿದಳು. ನಾನು "ನಮ್ಮ ಟೀಚರಮ್ಮ ಬೇಗ ಮನೆಗೆ ಬರಲಿ" ಎಂದು ಬರೆದೆ. ಒಂದು ಅಕ್ಷರವೂ ತಪ್ಪಿಲ್ಲದೆ ಮೂಡಿತು. ನನಗೆ ಅಳು ತಡೆಯಲಾಗಲಿಲ್ಲ ಮಗಳೇ. ನಿನ್ನ ಕೈ ಕೊಯ್ದ ದಿನದಿಂದ ಪೆನ್ನು ಹಿಡಿದರೆ ಸಾಕು, ಕಾಗದದ ಮೇಲೆ ಕಾಣುವುದು ನೀನೇ. ಈ ಪತ್ರವನ್ನೇ ನೋಡು. ದುಂಡು ಹೊಟ್ಟೆ, ಮೋಟು ಬಾಲ. ಯಾರ ಅಕ್ಷರ ಇದು?

ನರ್ಸಮ್ಮನಿಗೂ ವ್ಯಾಯಾಮದವರಿಗೂ ನಮ್ಮ ನಮಸ್ಕಾರ ತಿಳಿಸು. ಅಮ್ಮ ನಿನ್ನ ಹಣೆಗೊಂದು ಮುತ್ತು ಕಳಿಸಿದ್ದಾಳೆ. ಹೊದ್ದುಕೊಂಡು ಮಲಗು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತು ನಿನ್ನ ದಡ್ಡ ವಿದ್ಯಾರ್ಥಿ,
ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಹೊತ್ತಾಯಿತು, ಮುಖ್ಯವಾದದ್ದೇ ಉಳಿಯಿತು. ಗುರುವಾರ ಬೆಳಗಿನ ರೈಲಿಗೆ ನಾನು ಬರುತ್ತಿದ್ದೇನೆ, ಹಲಗೆ, ವೈರು, ಆ ಹಳೆಯ ಕಾಪಿ ಪುಸ್ತಕ ಎಲ್ಲದರ ಜೊತೆ. ಬೇಡ ಅನ್ನಬೇಡ, ಟಿಕೆಟ್ ಆಗಿದೆ. ನಿನ್ನ ಅಕ್ಷರ ಎಲ್ಲೂ ಹೋಗಿಲ್ಲ, ಇಪ್ಪತ್ತು ವರ್ಷದಿಂದ ನನ್ನ ಕೈಯಲ್ಲಿ ಜೋಪಾನವಾಗಿದೆ. ಈ ಸಲ ನಿನ್ನ ಮುಷ್ಟಿಯ ಮೇಲೆ ನನ್ನ ಕೈ. ರಾಜೀನಾಮೆಯನ್ನು ಮಾತ್ರ ಯಾರ ಕೈಲೂ ಬರೆಸಬೇಡ. ಕೊಡಲೇಬೇಕೆಂದಿದ್ದರೆ ನೀನೇ ಈ ಹಲಗೆಯ ಮೇಲೆ, ಅದು ಒಂದು ತಪ್ಪೂ ಇಲ್ಲದೆ ಓದುವ ಹಾಗೆ ಬರೆದುಕೊಡು. ಆಮೇಲೆ ನಾನೇ ಒಯ್ದು ಶಾಲೆಗೆ ಮುಟ್ಟಿಸುತ್ತೇನೆ. ಕೆಂಪು ಶಾಯಿ ತರುತ್ತಿದ್ದೇನೆ.