ಅಣ್ಣನ ಜೈಲೂಟದ ಭತ್ಯೆ

ಮಳವಳ್ಳಿ
೨೫-೨-೧೯೪೧

ಅಣ್ಣ ಹೊನ್ನಯ್ಯನಿಗೆ ತಂಗಿ ಸಣ್ಣತಾಯಮ್ಮ ಮಾಡುವ ನಮಸ್ಕಾರ.

ನಾನು ಕ್ಷೇಮ. ನೀನೂ ಕ್ಷೇಮವೆಂದು ಜೈಲಿನ ಪೇದೆ ಹೇಳಿದ. ಮೈಕೈ ತುಂಬಿಕೊಂಡಿದ್ದೀಯಂತೆ. ತುಂಬದೆ ಏನು, ದಿನಕ್ಕೆ ನಾಲ್ಕಾಣೆಯಂತೆ ಕಟ್ಟುತ್ತಿದ್ದೇನೆ.

ಸಾಲಗಾರನನ್ನು ಸಿವಿಲ್ ಜೈಲಿಗೆ ಹಾಕಿಸಿದರೆ ಅವನ ಊಟದ ಭತ್ಯೆಯನ್ನು ಸಾಲ ಕೊಟ್ಟವರೇ ತಿಂಗಳು ತಿಂಗಳು ಮುಂಗಡ ಕಟ್ಟಬೇಕು ಎಂದು ವಕೀಲರು ಹೇಳಿದಾಗ ನಾನು ನಂಬಲಿಲ್ಲ. ನಾಲ್ಕು ತಿಂಗಳಿಂದ ಎಮ್ಮೆ ಹಾಲು ಮಾರಿದ ದುಡ್ಡು ನಿನ್ನ ಮುದ್ದೆ ಸಾರಿಗೆ ಹೋಗುತ್ತಿದೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಸುಮ್ಮನೆ ಅಂದರೇ?

ನಮ್ಮೆಜಮಾನರು ತೀರಿಕೊಂಡ ಮೇಲೆ ಅವರ ಅಂಗಡಿ ಮಾರಿ ಬಂದ ಎಂಟುನೂರು ರೂಪಾಯಿಯನ್ನು, "ನನ್ನತ್ರ ಇರ್ಲಿ ಕಣಮ್ಮಿ, ನಿನ್ ಮಗಳ ಮದ್ವೆಗೆ ಬಡ್ಡಿ ಸಮೇತ ಕೊಡ್ತೀನಿ" ಎಂದು ಒಯ್ದೆ. ಮೂರು ವರ್ಷದ ಮೇಲೆ ಕೇಳಿದರೆ "ಯಾವ್ ದುಡ್ಡು?" ಎಂದೆ. ನೀನೇ ರುಜು ಹಾಕಿದ ಪ್ರೋನೋಟು ಇಲ್ಲದಿದ್ದರೆ ಕೋರ್ಟೂ ಹಾಗೆಯೇ ಕೇಳುತ್ತಿತ್ತು. ಹೋದ ವರ್ಷ ಡಿಕ್ರಿಯಾಯಿತು. ಡಿಕ್ರಿ ಬರೀ ಕಾಗದ, ದುಡ್ಡನ್ನು ನಾವೇ ಹುಡುಕಿ ತರಬೇಕು ಎಂದು ಆಮೇಲೆ ತಿಳಿಯಿತು. ಕೋರ್ಟಿನ ಅಮೀನರು ಜಪ್ತಿಗೆಂದು ಸೋಮನಹಳ್ಳಿಗೆ ಬಂದಾಗ ಅತ್ತಿಗೆ ಇಂದ್ರಮ್ಮ ನೀನು ಬರೆದುಕೊಟ್ಟ ದಾನಪತ್ರ ಹಿಡಿದು ಬಾಗಿಲಿಗೆ ಅಡ್ಡ ನಿಂತಳು. "ಮನೆ ನಂದು, ಜಮೀನು ನಂದು, ದನ ನಂದು. ನಿಮ್ಗೆ ಬೇಕಾದೋರು ಜಗಲಿ ಮ್ಯಾಲವ್ರೆ, ಕರ್ಕಂಡೋಗಿ" ಎಂದಳು. ನಿಜವಾಗಿ ಕರೆದುಕೊಂಡು ಹೋಗುತ್ತಾರೆಂದು ಅವಳೂ ಎಣಿಸಿರಲಿಲ್ಲ. ಆಮೇಲೆ ನಾನೇ ಅರ್ಜಿ ಹಾಕಿಸಿ ಹಿಡಿಸಿದೆ. ಆ ದಿನ ನನಗೂ ಅನ್ನ ಸೇರಲಿಲ್ಲ.

ಹೋದ ವಾರ ಮದುವೆ ಸೀರೆಗೆಂದು ಮಂಡ್ಯಕ್ಕೆ ಹೋಗಿದ್ದೆ. ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳು ತೂಕಕ್ಕೆ ಸಾಲಾಗಿ ನಿಂತಿದ್ದವು. "ಸೋಮನಹಳ್ಳಿ ಹೊನ್ನಯ್ಯ!" ಎಂದು ಗುಮಾಸ್ತ ಕೂಗಿದ. ತಿರುಗಿ ನೋಡಿದರೆ ನಿಮ್ಮ ಆಳು ಬೆಟ್ಟಯ್ಯ ಎತ್ತು ಹೊಡೆದುಕೊಂಡು ಮುಂದೆ ಹೋದ. ಜಮೀನು ಅತ್ತಿಗೆಯದಾದರೆ ಕೂಗುವುದು ನಿನ್ನ ಹೆಸರೇಕೆಂದು ಆಮೇಲೆ ಅವನನ್ನು ಕೇಳಿದೆ. "ಎಂಗಸ್ರ ಎಸ್ರು ಕೂಗುಸ್ಕಂಡು ತೂಕುಕ್ ನಿಂತ್ಕಳಾದಾ ಅಂತ ಗೌಡ್ರು ಕಾರ್ಖಾನೆ ಕರಾರು ಬದ್ಲಾಯಿಸ್ನೇ ಇಲ್ಲ ಕಣವ್ವ" ಎಂದ.

ಜಮೀನೆಲ್ಲ ಹೆಂಡತಿ ಹೆಸರಿಗೆ ಬರೆಯಲು ನಾಚದವನಿಗೆ ನಾಲ್ಕು ಜನರ ಮುಂದೆ ಅವಳ ಹೆಸರು ಕೂಗಿಸಲು ನಾಚಿಕೆಯಾಯಿತೇ ಅಣ್ಣ? ಕರಾರು ನಿನ್ನ ಹೆಸರಲ್ಲಿದ್ದರೆ ಕಬ್ಬಿನ ಹಣವೂ ನಿನ್ನದೇ. ವಕೀಲರು ಮಾರನೆಯ ದಿನವೇ ಅರ್ಜಿ ಹಾಕಿದರು. ಆ ಹಣವನ್ನು ನಿಮಗೆ ಕೊಡದೆ ಕೋರ್ಟಿಗೆ ಕಟ್ಟಬೇಕೆಂದು ಕಾರ್ಖಾನೆಗೆ ಆಜ್ಞೆ ಮುಟ್ಟಿದೆ. ಐನೂರು ಬರಬಹುದು. ಬಡ್ಡಿ ಹಾಗಿರಲಿ, ಅಸಲಿನಲ್ಲೇ ಇನ್ನೂ ಮುನ್ನೂರು ನಿಲ್ಲುತ್ತದೆ.

"ಇನ್ನೆರಡು ತಿಂಗಳು ಒಳಗೇ ಇರ್ಲಿ ತಾಯಿ, ಉಳಿದ ಮುನ್ನೂರನ್ನ ಅವರ ಹೆಂಡತಿಯೇ ತಂದು ಕಟ್ತಾರೆ. ಭತ್ಯೆ ತಪ್ಪಿತೋ, ಬಿಟ್ಬಿಡ್ತಾರೆ. ಈ ಡಿಕ್ರಿಗೆ ಮತ್ತೆ ಹಿಡಿಸೋಕಾಗಲ್ಲ" ಎನ್ನುತ್ತಾರೆ ವಕೀಲರು. ಅವರ ಮಾತು ಸರಿ.

ಆದರೆ ಮದುವೆ ಮುಂದಿನ ವಾರ ಗುರುವಾರ, ಆರನೇ ತಾರೀಖು. ಬೀಗರು ಬಂದಾಗ "ಎಣ್ಣಿನ ಸೋದರ್‌ಮಾವ ಎಲ್ಲವ್ವ? ಅಸೆಮಣೆಗೆ ಯಾರು ಕರ್ಕಂಡ್ ಬತ್ತಾರೆ?" ಎಂದು ಕೇಳಿದರು. "ಮೈಸೂರ್ಗೆ ಓಗವ್ರೆ" ಎಂದುಬಿಟ್ಟೆ. ಅವರು ಹೋದ ಮೇಲೆ ಮಗಳು ಮಲ್ಲಿಗಮ್ಮ, "ಮಾವ ಬಂದು ಕೈ ಇಡ್ಕಳ್ದಿದ್ರೆ ನಾನು ಅಸೆಗ್ ಬರಾಕಿಲ್ಲ ಕಣವ್ವ" ಎಂದಳು. ನೀನು ಎಲ್ಲಿದ್ದೀಯೆ, ಹಾಕಿಸಿದವರು ಯಾರು, ಎಲ್ಲ ಗೊತ್ತಿದ್ದೇ ಅಂದಳು. ನನಗೆ ಕೋಪವೂ ಬಂತು, ಅಳುವೂ ಬಂತು.

ಮಾರ್ಚಿ ತಿಂಗಳ ಭತ್ಯೆಯನ್ನು ನಾನು ಕಟ್ಟುವುದಿಲ್ಲ. ಶನಿವಾರ ನಿನ್ನನ್ನು ಬಿಡುತ್ತಾರೆ. ಕ್ಷಮಿಸಿದಳು ಎಂದುಕೊಳ್ಳಬೇಡ. ಕಬ್ಬಿನ ಹಣದಲ್ಲಿ ಒಂದು ಕಾಸೂ ಬಿಡುವವಳಲ್ಲ, ನಿನ್ನ ಹೆಸರಿಗೆ ನಾಳೆ ಒಂದು ಕೋಳಿ ಬಂದರೂ ಅಮೀನರು ಬರುತ್ತಾರೆ. ಕೂದಲು ತೆಗೆಸಿಕೊಂಡು, ಅತ್ತಿಗೆಯನ್ನು ಕರೆದುಕೊಂಡು ಬುಧವಾರ ಚಪ್ಪರದ ಹೊತ್ತಿಗೆ ಬಾ. ಜೈಲಿನ ಮಾತು ಯಾರಾದರೂ ಎತ್ತಿದರೆ ನನಗೆ ಹೇಳು, ನಾನು ನೋಡಿಕೊಳ್ಳುತ್ತೇನೆ. ಹುಡುಗಿಯ ಕೈ ಹಿಡಿದು ಹಸೆಗೆ ನಡೆಸುವಾಗ ಮಾತ್ರ ಒಂದು ನೆನಪಿರಲಿ ಅಣ್ಣ, ಮುನ್ನೂರು ರೂಪಾಯಿ ಕೊಟ್ಟು ಅವಳಿಗೊಬ್ಬ ಸೋದರಮಾವನನ್ನು ತಂದಿದ್ದೇನೆ.

ಡಿಕ್ರಿಗೆ ಇನ್ನು ಹನ್ನೊಂದು ವರ್ಷ ಆಯುಸ್ಸಿದೆಯಂತೆ. ವೈದ್ಯನಾಥಪುರದ ಸ್ವಾಮಿ ನಿನಗೆ ಅದಕ್ಕಿಂತ ಹೆಚ್ಚು ಕೊಡಲಿ.

ನಿನ್ನ ತಂಗಿ, ಡಿಕ್ರಿದಾರಳು,
ಸಣ್ಣತಾಯಮ್ಮ