ಮುಖ ಕಾಣದ ಐದು ದಿನಗಳ ಚಿತ್ರ

ಶಸ್ತ್ರಚಿಕಿತ್ಸಾ ಮಂಜೂರಾತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಮೊಮ್ಮಗಳು ಲುಜೈನ್‌ಳ ಕಡತವನ್ನು ನೀವು ಮುಚ್ಚಿದ್ದೀರಿ. ಕಾರಣ ಒಂದೇ ಸಾಲು: ‘ಕುಟುಂಬ ಸಹಕರಿಸಿಲ್ಲ.’ ಮತ್ತೆ ಅರ್ಜಿ ಹಾಕಲು ಹನ್ನೊಂದು ತಿಂಗಳು ಕಾಯಬೇಕಂತೆ. ಸಹಕರಿಸದ ಆ ಕುಟುಂಬ ನಾನೊಬ್ಬನೇ. ತಫೀಲಾದಲ್ಲಿ ನಲವತ್ತು ವರ್ಷ ಊರಿನವರ ತಲೆ ಬೋಳಿಸಿದವನು. ಅವರೆಲ್ಲ ಕನ್ನಡಿ ನೋಡಿಕೊಂಡು ಬೋಳಿಸಿಕೊಂಡರು. ನಿಮ್ಮ ಕಚೇರಿಯಲ್ಲಿ ಆ ಸೌಕರ್ಯವಿಲ್ಲ.

ಲುಜೈನ್‌ಗೆ ನಾಲ್ಕು ವರ್ಷ. ದಿನಕ್ಕೆ ಇಪ್ಪತ್ತು ಸಲ ಮೂರ್ಛೆ. ಐದು ಬಗೆಯ ಔಷಧ ಕುಡಿಸಿದ್ದಾಯಿತು. ಮಗು ಮಂಕಾಯಿತು, ರೋಗ ಚುರುಕಾಯಿತು. ಮೆದುಳಿನ ಕೆಟ್ಟ ಅರ್ಧಕ್ಕೂ ಒಳ್ಳೆಯ ಅರ್ಧಕ್ಕೂ ನಡುವಿನ ಸಂಪರ್ಕವನ್ನು ಕಡಿದುಬಿಡುವ ಶಸ್ತ್ರಚಿಕಿತ್ಸೆ ಈಗ ಇದೆ. ಹಿಂದಿನಂತೆ ಅರ್ಧ ಮೆದುಳನ್ನೇ ತೆಗೆಯಬೇಕಿಲ್ಲ. ಒಂದು ಕೈ ಸೋಲಬಹುದು, ಆದರೆ ಎಳೆಯ ಮೆದುಳು ಮಾತನ್ನು ಇನ್ನೊಂದು ಬದಿಯಲ್ಲಿ ಕಲಿತುಕೊಳ್ಳುತ್ತದೆ, ತಡವಾದರೆ ಕಲಿಯದು ಎಂದರು ವೈದ್ಯರು.

ಅದಕ್ಕೆ ಮೊದಲು ಐದು ದಿನ ತಲೆಗೆ ತಂತಿ ಅಂಟಿಸಿ, ಕ್ಯಾಮೆರಾದ ಕೆಳಗೆ ಮಲಗಿಸಿ, ಮೂರ್ಛೆಯನ್ನು ಚಿತ್ರೀಕರಿಸಬೇಕು. ಕಾವಲಿಗೆ ನಾನು ಕೂತೆ. ನಮ್ಮಲ್ಲಿ ಮೂರ್ಛೆ ಬಂದವರ ಮುಖಕ್ಕೆ ಬಟ್ಟೆ ಹೊದಿಸುತ್ತಾರೆ. ಕೆಟ್ಟ ಕಣ್ಣು ಬೀಳಬಾರದು. ಹೆಣ್ಣುಮಗು, ನಾಳೆ ಯಾರೂ ಆಡಿಕೊಳ್ಳಬಾರದು. ಲೆಕ್ಕ ಇಡುವುದು ತಂತಿಗಳ ಕೆಲಸ ಅಂದುಕೊಂಡಿದ್ದೆ. ಪ್ರತಿ ಸಲವೂ ನನ್ನ ತಲೆವಸ್ತ್ರ ಬಿಚ್ಚಿ ಅವಳ ಮುಖಕ್ಕೆ ಹಾಕಿದೆ. ಐದು ದಿನ. ಒಂದೂ ತಪ್ಪಿಸಲಿಲ್ಲ.

ನಿಮ್ಮ ಕಿಟಕಿಯಲ್ಲಿ ಕೂತ ಗುಮಾಸ್ತರು ನಕ್ಕರು. “ಹಾಜಿ, ಚಿತ್ರದಲ್ಲಿ ನಿಮ್ಮ ವಸ್ತ್ರ ಭಾಳ ಚೆನ್ನಾಗಿ ಬಂದೈತೆ. ಮಗುನೇ ಬಂದಿಲ್ಲ ನೋಡಿ.”

ನನ್ನ ಮಗಳು, ಲುಜೈನ್‌ಳ ತಾಯಿ ಇಬ್ತಿಸಾಮ್ ನಗಲಿಲ್ಲ. “ಬಾಯಿ ಯಾವ ಕಡೆ ಎಳೀತದೆ ಅಂತ ನೋಡೋಕೇ ಅಲ್ವೇನಪ್ಪಾ ಕ್ಯಾಮೆರಾ ಇಟ್ಟಿದ್ದು! ಯಾವ ಕಡೆ ಕಡೀಬೇಕು ಅಂತ ಗೊತ್ತಾಗೋದು ಹೆಂಗೆ?”

“ಯಾರೂ ನೋಡಬಾರದು ಅಂತ ಮುಚ್ಚಿದೆ ಕಣವ್ವಾ.”

“ಹೌದಪ್ಪಾ. ಡಾಕ್ಟ್ರೂ ನೋಡ್ಲಿಲ್ಲ.”

ಅಧ್ಯಕ್ಷರೇ, ಮುಖ ಕಾಣಬೇಕೆಂಬ ನಿಮ್ಮ ನಿಯಮ ಸರಿಯೇ. ಆದರೆ ಹೊದಿಸಬೇಡಿ ಎಂದು ಆ ಕೋಣೆಯಲ್ಲಿ ಒಂದು ಚೀಟಿ ಅಂಟಿಸಿದ್ದರೆ ನಿಮ್ಮ ಗೋಡೆ ಬೀಳುತ್ತಿತ್ತೇ? ಐದು ದಿನ ಪರದೆಯ ಮುಂದೆ ಕೂತವರು ಒಮ್ಮೆ ಒಳಗೆ ಬಂದು “ಏ ಮುದುಕಾ, ತೆಗಿ ಅದನ್ನ” ಎಂದು ಬೈಯಬಾರದಿತ್ತೇ? ನಾನು ಮುಖ ಮುಚ್ಚಿದೆ, ಅಜ್ಞಾನದಿಂದ. ನೀವು ಕಡತ ಮುಚ್ಚಿದಿರಿ, ನಿಯಮದಿಂದ. ಎರಡರ ಅಡಿಯಲ್ಲೂ ಮಲಗಿರುವುದು ಅದೇ ಮಗು.

ರಂಜಾನ್‌ಗೆ ಮೊದಲು ಅವಳ ಬಾಯಲ್ಲಿ ನಲವತ್ತು ಮಾತುಗಳಿದ್ದವು. ಈಗ ಏಳು. ನನ್ನನ್ನು ‘ಜಿದ್ದೂ’, ಅಂದರೆ ಅಜ್ಜ, ಎಂದು ಕರೆಯುತ್ತಿದ್ದದ್ದು ಹೋದ ಗುರುವಾರ ನಿಂತಿತು. ಇದ್ದದ್ದರಲ್ಲಿ ‘ನೀರು’ ಉಳಿದಿದೆ, ‘ಅಮ್ಮ’ ಉಳಿದಿದೆ. ಹನ್ನೊಂದು ತಿಂಗಳಾದ ಮೇಲೆ ಯಾವ ಮಾತನ್ನು ಉಳಿಸಲು ಕಡಿಯುತ್ತೀರಿ?

ಈ ತಿಂಗಳೊಳಗೆ ಕಡತ ತೆರೆಯಿರಿ. ಅದೇ ಕೋಣೆ, ಅದೇ ಹಾಸಿಗೆ ಕೊಡಿ. ಈ ಸಲ ಇಬ್ತಿಸಾಮ್ ಒಳಗಿರುತ್ತಾಳೆ, ನಾನು ಬೀದಿಯಲ್ಲಿರುತ್ತೇನೆ. ಶಿಕ್ಷೆ ಕೊಡಲೇಬೇಕಿದ್ದರೆ ಆ ಹನ್ನೊಂದು ತಿಂಗಳನ್ನು ನನಗೆ ಕೊಡಿ. ನನ್ನ ಮಾತುಗಳು ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚಾಗಿವೆ.

ಇಂತಿ,
ಊರನ್ನು ನಗಿಸುವ ಕೆಲಸಕ್ಕೆ ರಜೆ ಹಾಕಿರುವ
ಕ್ಷೌರಿಕ ಮುಫ್ಲಿಹ್