ಕ್ಲೇಟನ್ ಕಿತ್ತುಕೊಂಡು ಓಡಿದ ಕಾರ್ಡು

ಓಕಿಚೋಬಿ, ಫ್ಲಾರಿಡಾ
ಮಾರ್ಚ್ ೯

ಮಗಳೇ ನೋರೀನ್,

ನಿಂತುಕೊಂಡು ಓದಬೇಡ, ಕುಳಿತುಕೋ. ಗುರುವಾರದ ವಿಚಾರಣೆಯಲ್ಲಿ ನೀನು ಡಾಕ್ಟರ್ ವಿಟ್ಲೋ ವಿರುದ್ಧ ಬಾಯಿ ತೆರೆಯುವ ಮೊದಲು ಈ ಕಾಗದ ನಿನ್ನ ಕೈ ಸೇರಬೇಕು. ನಿನ್ನ ಗಂಡ ಕ್ಲೇಟನ್‌ನನ್ನು ಮಣ್ಣು ಮಾಡಿದ ದಿನ ನೀನು, "ಸರಿಯಾದ ಮದ್ದೇ ಕೊಟ್ಟಿದ್ರೆ ಅವನ್ಯಾಕೆ ಸಾಯ್ತಿದ್ದ ಅಪ್ಪಾ? ಆ ಹೆಂಗಸಿನ ಕೆಲಸ ಹೋಗೋವರೆಗೂ ನಾನು ಬಿಡಲ್ಲ" ಎಂದು ಅತ್ತೆ. ನಾನು ತಲೆಯಾಡಿಸಿದೆ. ಹೇಡಿ ನಾನು.

ವಿಷದ ಹಾವುಗಳ ನಡುವೆ ಬೆಳೆದವಳು ನೀನು. ಪ್ರತಿ ಪೆಟ್ಟಿಗೆಯ ಮೇಲೂ ಕಾರ್ಡು ಇರುತ್ತದೆ: ಹಾವು ಯಾವುದು, ಕಚ್ಚಿದರೆ ಮದ್ದು ಯಾವುದು. ಕಚ್ಚಿಸಿಕೊಂಡವನು ಅದನ್ನು ಕಿತ್ತುಕೊಂಡು ಆಸ್ಪತ್ರೆಗೆ ಓಡಬೇಕು, ಡಾಕ್ಟರು ಅದನ್ನೇ ನಂಬಬೇಕು. ಕ್ಲೇಟನ್ ಹಾಗೆಯೇ ಮಾಡಿದ. ಆ ಕಾರ್ಡು ಬರೆದವನು ನಾನು.

ಥಾಯ್ಲೆಂಡಿನ ಒಂದುಂಗುರದ ನಾಗರ ಎಂದು ಬರೆದಿದ್ದೆ. ಅವನನ್ನು ಕಚ್ಚಿದ ಹಾವಿನ ಅಪ್ಪ ಮಾತ್ರ ಅದು. ತಾಯಿ ಭಾರತದ ಕನ್ನಡಕದ ನಾಗರ, ಹೆಡೆಯ ಮೇಲೆ ಜೋಡಿ ಉಂಗುರ. ಅವೆರಡಕ್ಕೂ ಮದ್ದು ಬೇರೆ ಬೇರೆ. ಏನು ಹುಟ್ಟುತ್ತದೋ ನೋಡುವ ಚಪಲಕ್ಕೆ ಒಂದೇ ಪೆಟ್ಟಿಗೆಗೆ ಬಿಟ್ಟೆ. ಹೀಗೆ ಬೆರಕೆ ಮಾಡುವವರನ್ನು ಹಾವು ಸಾಕುವವರ ನಮ್ಮ ಸಂಘದ ಸಭೆಯಲ್ಲಿ ಮೇಜು ಕುಟ್ಟಿ ಬೈದು ಹೊರಗೆ ಹಾಕಿಸಿದವನೂ ನಾನೇ. ಮರಿಗಳು ಥೇಟ್ ಅಪ್ಪನಂತಿದ್ದವು. ಬೆರಕೆ ಎಂದು ಬರೆದರೆ ಆ ಜನರ ಎದುರು ಮುಖ ಎಲ್ಲಿಟ್ಟುಕೊಳ್ಳಲಿ? ಬರೆಯಲಿಲ್ಲ.

ಕ್ಲೇಟನ್‌ಗೆ ಅನುಮಾನ ಬಂದಿತ್ತು. "ಮಾವ, ಇದರ ಹೆಡೆ ಯಾಕೋ ಸರಿ ಇಲ್ಲ. ಉಂಗುರದ ಪಕ್ಕ ಇನ್ನೊಂದು ಹುಟ್ಟೋ ಹಾಗಿದೆ" ಎಂದ. "ನನ್ನ ಹಾವಿಗೆ ಕನ್ನಡಕ ತೊಡಿಸ್ತೀಯಾ? ಮೊದಲು ನೀನು ಒಂದು ಹಾಕ್ಕೊಳ್ಳಪ್ಪಾ" ಎಂದು ಛೇಡಿಸಿದೆ. ಪಾಪ, ನಕ್ಕುಬಿಟ್ಟ. ಮೂವತ್ತು ವರ್ಷ ಹಾವು ಬೆಳೆಸಿದ ಮಾವನ ಮಾತನ್ನು ಅವನು ಮೀರುತ್ತಿರಲಿಲ್ಲ.

ಕಾರ್ಡು ಸುಳ್ಳೆಂದು ವಿಚಾರಣೆಯವರಿಗೆ ಬರೆದು ಕಳಿಸಿದ್ದೇನೆ. ಉಳಿದ ಮರಿಗಳನ್ನು ಕೊಂಡ ನಾಲ್ವರಿಗೂ ಫೋನು ಮಾಡಿದೆ. ಮೂವರು ನನ್ನನ್ನು ಬಾಯಿಗೆ ಬಂದಂತೆ ಬೈದು ಕಾರ್ಡು ತೆಗೆದರು. ನಾಲ್ಕನೆಯವನು ಡೆರೆಲ್, "ಮುದುಕಂಗೆ ಅರಳುಮರಳು, ನನ್ನ ಹಾವು ಅಪ್ಪಟ" ಎಂದು ಫೋನಿಟ್ಟ. ಅವನ ಮನೆಗೆ ನಾಳೆ ನಾನೇ ಹೋಗುತ್ತೇನೆ. ಆ ತಾಯಿ ಹಾವು ಇನ್ನೂ ನನ್ನಲ್ಲಿದೆ. ಅದರದೇನೂ ತಪ್ಪಿಲ್ಲ.

ಡಾಕ್ಟರಮ್ಮನನ್ನು ಬಿಟ್ಟುಬಿಡು ಮಗಳೇ. ನನ್ನನ್ನು ಬಿಡಬೇಕೆಂದು ಕೇಳುವುದಿಲ್ಲ.

ಇಂತಿ,
ಅಪ್ಪ ಎಂದು ಬರೆಯಲು ಕೈ ಬಾರದ
ವರ್ನನ್

ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಬಿಟ್ಟದ್ದು: ಗುರುವಾರ ಡಾಕ್ಟರ್ ವಿಟ್ಲೋ ಇದನ್ನು ಹೇಗಿದ್ದರೂ ಹೇಳುತ್ತಾರೆ. ಕ್ಲೇಟನ್ ಆಸ್ಪತ್ರೆ ಸೇರಿದ ಆ ಮಧ್ಯಾಹ್ನ ಅವರು ನನಗೆ ಫೋನು ಮಾಡಿದ್ದರು. "ಮದ್ದು ಹತ್ತುತ್ತಾ ಇಲ್ಲ ಸಾರ್. ಭಾರತದ ಮದ್ದೂ ನನ್ನ ಕೈಯಲ್ಲೇ ಇದೆ. ಕೊಡ್ಲಾ? ನಿಮ್ಮ ಕಾರ್ಡು ಖಂಡಿತಾ ಸರಿ ಇದೆಯಾ?" ಎಂದು ಕೇಳಿದರು. ಸರಿ ಇದೆ ಎಂದೆ. ಫೋನಿನಲ್ಲಿ ಅವರ ಹಿಂದಿನಿಂದ ಕ್ಲೇಟನ್ ಉಸಿರೆಳೆಯುವುದು ನನಗೆ ಕೇಳಿಸುತ್ತಿತ್ತು.